ಒಂದೇ ಮಾಡೆಲ್, ಐದು ಪಟ್ಟು ಬೆಲೆ: ಹಳೆಯ ಸ್ಪೋರ್ಟ್ಸ್ ಕಾರುಗಳ ಹರಾಜಿನಲ್ಲಿ ನಿಜವಾಗಿ ಮಾರಾಟವಾಗುವುದು ಏನು?

ಓದುಗರ ಪ್ರಶ್ನೆ: ನಮಸ್ಕಾರ ಸರ್. ನಾನು ಹಾಸನದ ಕಡೆಯವನು. ಕೆಲಸದ ಮೇಲೆ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ಇಲ್ಲಿನ ಮರ್ಸಿಡಿಸ್ ಮ್ಯೂಸಿಯಂನಲ್ಲಿ ಬಾಗಿಲು ಮೇಲಕ್ಕೆ ತೆರೆಯುವ 300 ಎಸ್‌ಎಲ್ ನೋಡಿದಾಗಿನಿಂದ ಹಳೆಯ ಸ್ಪೋರ್ಟ್ಸ್ ಕಾರುಗಳ ಹುಚ್ಚು ಹಿಡಿದಿದೆ. ಹರಾಜಿನ ಸುದ್ದಿ ಓದುತ್ತಿರುತ್ತೇನೆ. ಆದರೆ ತಲೆಬುಡ ಅರ್ಥವಾಗುವುದಿಲ್ಲ. ಒಂದು 300 ಎಸ್‌ಎಲ್ ಸುಮಾರು 14 ಲಕ್ಷ ಡಾಲರ್‌ಗೆ ಹೋಗುತ್ತದೆ, ಇನ್ನೊಂದು 68 ಲಕ್ಷ ಡಾಲರ್‌ಗೆ. 300 ಎಸ್‌ಎಲ್‌ಆರ್ ಅಂತೂ 13.5 ಕೋಟಿ ಯೂರೋ! ಈ ಬೆಲೆಗಳನ್ನು ಯಾರು ಹೇಗೆ ನಿರ್ಧರಿಸುತ್ತಾರೆ? ನಾವು ಇಬ್ಬರು ಗೆಳೆಯರು ಸೇರಿ ಒಂದು 190 ಎಸ್‌ಎಲ್ ಕೊಳ್ಳುವ ಯೋಚನೆಯಲ್ಲಿದ್ದೇವೆ. ಹಾಕಿದ ದುಡ್ಡು ಬೆಳೆಯುತ್ತದಾ? ಮುಂದೆ ಊರಿಗೆ ತರಬಹುದಾ?

ಉತ್ತರ: ನಮಸ್ಕಾರ. ಮೊದಲು ಆ 13.5 ಕೋಟಿ ಯೂರೋದ ಕಾರನ್ನು ಲೆಕ್ಕದಿಂದ ಹೊರಗಿಡೋಣ. ಅದು ಒಳಗಿದ್ದರೆ ಉಳಿದ ಯಾವ ಬೆಲೆಯೂ ಅರ್ಥವಾಗುವುದಿಲ್ಲ.

300 ಎಸ್‌ಎಲ್ ಮತ್ತು 300 ಎಸ್‌ಎಲ್‌ಆರ್ ಹೆಸರಿನಲ್ಲಿ ಅಣ್ಣತಮ್ಮಂದಿರು, ಅಷ್ಟೇ. 300 ಎಸ್‌ಎಲ್ ಶೋರೂಮಿನಲ್ಲಿ ಯಾರು ಬೇಕಾದರೂ ಕೊಳ್ಳಬಹುದಾಗಿದ್ದ ಕಾರು, ಆರು ಸಿಲಿಂಡರಿನದು. 300 ಎಸ್‌ಎಲ್‌ಆರ್ ಪಕ್ಕಾ ರೇಸ್ ಗಾಡಿ. ಕಂಪನಿಯ ಫಾರ್ಮುಲಾ ಒನ್ ಕಾರಿನ ಎಂಟು ಸಿಲಿಂಡರ್ ಎಂಜಿನ್ನನ್ನು ದೊಡ್ಡದು ಮಾಡಿ ಅದರಲ್ಲಿ ಕೂರಿಸಿದ್ದರು. ಇಟಲಿಯ ರಸ್ತೆಗಳಲ್ಲಿ ನಡೆಯುತ್ತಿದ್ದ ಮಿಲ್ಲೆ ಮಿಲ್ಯಾ ರೇಸನ್ನು 1955ರಲ್ಲಿ ಸ್ಟರ್ಲಿಂಗ್ ಮಾಸ್ ಗೆದ್ದದ್ದು ಇದರ ತೆರೆದ ಮಾದರಿಯಲ್ಲಿ. ಅದೇ ವರ್ಷ ಜೂನ್‌ನಲ್ಲಿ ಫ್ರಾನ್ಸಿನ ಲ ಮಾನ್ ರೇಸಿನಲ್ಲಿ ಇದೇ ಮಾದರಿಯ ಒಂದು ಕಾರು ಜನರ ಗುಂಪಿಗೆ ನುಗ್ಗಿ 80ಕ್ಕೂ ಜಾಸ್ತಿ ಜನ ಸತ್ತರು. ಆ ವರ್ಷದ ಕೊನೆಗೆ ಮರ್ಸಿಡಿಸ್ ರೇಸ್ ಬಿಟ್ಟಿತು. ಮೇಲ್ಛಾವಣಿ ಇರುವ ಎರಡು ಕೂಪೆಗಳನ್ನು ಮೆಕ್ಸಿಕೋದ ಕರೇರಾ ಪಾನಮೆರಿಕಾನಾ ರೇಸಿಗೆಂದು ಕಟ್ಟಿದ್ದರು. ಆ ರೇಸೇ ರದ್ದಾಯಿತು. ಎಂಜಿನಿಯರ್ ರುಡಾಲ್ಫ್ ಊಲೆನ್‌ಹೌಟ್ ಒಂದನ್ನು ದಿನನಿತ್ಯದ ಓಡಾಟಕ್ಕೆ ಬಳಸಿದರು. ಹಾಗಾಗಿ ಇವತ್ತಿಗೂ ಅವು ಅವರ ಹೆಸರಿನಲ್ಲೇ ಇವೆ.

2022ರ ಮೇ 5ರಂದು ನೀವು ನೋಡಿದ ಅದೇ ಮ್ಯೂಸಿಯಂನಲ್ಲಿ ಅವೆರಡರಲ್ಲಿ ಒಂದನ್ನು ಮಾರಿದರು. ಕರೆದವರಿಗೆ ಮಾತ್ರ ಒಳಗೆ ಪ್ರವೇಶ. ಮಾರಿದ್ದು ಕಾರು ಮಾಡಿದ ಕಂಪನಿಯೇ, ಹರಾಜು ನಡೆಸಿದ್ದು ಆರ್‌ಎಂ ಸೋಥಬೀಸ್, ಬಂದ ಹಣ ವಿದ್ಯಾರ್ಥಿವೇತನದ ನಿಧಿಗೆ. ಹುಟ್ಟಿದಾಗಿನಿಂದ ಒಂದೇ ಮನೆಯಲ್ಲಿದ್ದ ಕಾರು. ಇನ್ನೊಂದು ಕಂಪನಿಯ ಹತ್ತಿರವೇ ಉಳಿಯಿತು, ಅದು ಮಾರಾಟಕ್ಕೆ ಬರುವುದಿಲ್ಲ. ಇಂಥ ಮಾರಾಟ ಮಾರುಕಟ್ಟೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಎಷ್ಟಾದರೂ ಸರಿ ಬೇಕು ಅನ್ನುವ ಇಬ್ಬರು ಅವತ್ತು ಆ ಕೋಣೆಯ ಹರಾಜಿನಲ್ಲಿ ಇದ್ದರು ಅಂತ ಮಾತ್ರ ಹೇಳುತ್ತದೆ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. 14 ಲಕ್ಷದ 300 ಎಸ್‌ಎಲ್ ಮತ್ತು 68 ಲಕ್ಷದ 300 ಎಸ್‌ಎಲ್.

ಈ ಕಾರಿನ ಹುಟ್ಟಿಗೆ ಅಮೆರಿಕದ ಆಮದುದಾರ ಮ್ಯಾಕ್ಸ್ ಹಾಫ್‌ಮನ್ ಕಾರಣ. 1952ರಲ್ಲಿ ಲ ಮಾನ್ ಗೆದ್ದ ರೇಸ್ ಕಾರನ್ನು ರಸ್ತೆಗೆ ಇಳಿಸಿ, ನಾನು ಮಾರುತ್ತೇನೆ ಅಂತ ಅವರು ಕಂಪನಿಯ ಬೆನ್ನು ಬಿದ್ದರು. 1954ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಕಾರು ಮೊದಲ ಬಾರಿ ಜನರ ಮುಂದೆ ಬಂತು. ನೀವು ಕೊಳ್ಳಬೇಕೆಂದಿರುವ 190 ಎಸ್‌ಎಲ್‌ನ ಮೊದಲ ರೂಪವೂ ಅದೇ ವೇದಿಕೆಯ ಮೇಲಿತ್ತು. ತೆಳು ಪೈಪುಗಳ ಫ್ರೇಮ್ ಬಾಗಿಲಿನ ಜಾಗದಲ್ಲಿ ತುಂಬಾ ಎತ್ತರಕ್ಕೆ ಬರುತ್ತಿತ್ತು. ಅದಕ್ಕೇ ಬಾಗಿಲು ಮೇಲಕ್ಕೆ ತೆರೆಯುವ ಹಾಗೆ ಮಾಡಬೇಕಾಯಿತು. ಚೆಂದಕ್ಕೆ ಮಾಡಿದ್ದಲ್ಲ. ಜನ ಅದನ್ನು ಗಲ್‌ವಿಂಗ್, ಅಂದರೆ ಕಡಲಹಕ್ಕಿಯ ರೆಕ್ಕೆ, ಅಂದರು. 1954ರಿಂದ 1957ರವರೆಗೆ 1,400 ಗಲ್‌ವಿಂಗ್‌ಗಳು ಬಂದವು, ಆಮೇಲೆ 1963ರವರೆಗೆ 1,858 ರೋಡ್‌ಸ್ಟರ್‌ಗಳು, ಅಂದರೆ ಛಾವಣಿ ತೆರೆಯುವ ಮಾದರಿಗಳು.

ಆ 1,400ರಲ್ಲಿ 29 ಮಾತ್ರ ಪೂರ್ತಿ ಅಲ್ಯೂಮಿನಿಯಂ ಬಾಡಿಯವು. ಉಳಿದವಕ್ಕೆ ಬಾಡಿ ಸ್ಟೀಲಿನದು. ಬಾನೆಟ್, ಬಾಗಿಲು, ಡಿಕ್ಕಿ ಮುಚ್ಚಳ ಅಲ್ಯೂಮಿನಿಯಂ. ಪೂರ್ತಿ ಅಲ್ಯೂಮಿನಿಯಂ ಆದರೆ ಸುಮಾರು 80 ಕಿಲೋ ಹಗುರ. ರೇಸಿಗೆ ಹೋಗುವವರು ಕೇಳಿ ಹಾಕಿಸಿಕೊಳ್ಳುತ್ತಿದ್ದ ಆಯ್ಕೆ ಅದು. ನೀವು ಹೇಳಿದ 68 ಲಕ್ಷದ ಕಾರು ಇಂಥದ್ದೇ ಇರಬೇಕು. 2022ರ ಜನವರಿಯಲ್ಲಿ ಅರಿಜೋನಾದಲ್ಲಿ ಒಂದು ಅಲ್ಯೂಮಿನಿಯಂ ಗಲ್‌ವಿಂಗ್ 68.25 ಲಕ್ಷ ಡಾಲರ್‌ಗೆ ಮಾರಾಟವಾಯಿತು. ನಿಲ್ಲಿಸಿ ನೋಡಿದರೆ ನಿಮಗೂ ನನಗೂ ಎರಡರ ವ್ಯತ್ಯಾಸ ತಿಳಿಯುವುದು ಕಷ್ಟ. ಕೊಳ್ಳುವವನಿಗೆ ಗೊತ್ತಿರುತ್ತದೆ. ಕಂಪನಿಯ ಕಡತದಲ್ಲೂ ಬರೆದಿರುತ್ತದೆ.

ಕಡತದಲ್ಲಿ ಬರೆದಿರುವುದು. ಇಡೀ ವ್ಯವಹಾರ ನಿಂತಿರುವುದು ಇದರ ಮೇಲೆ.

ಬೆಂಗಳೂರಿನಲ್ಲಿ ಸೈಟು ಕೊಂಡವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಒಂದೇ ಲೇಔಟಿನಲ್ಲಿ ಅಕ್ಕಪಕ್ಕದ ಎರಡು ಸೈಟು, ಒಂದೇ ಅಳತೆ, ಒಂದೇ ಮಣ್ಣು. ಒಂದರ ಮೂಲಪತ್ರದಿಂದ ಇವತ್ತಿನ ಖಾತೆವರೆಗೆ ಎಲ್ಲ ಕಾಗದ ಸರಪಳಿಯ ಹಾಗೆ ಸೇರಿಕೊಂಡಿದೆ. ಇನ್ನೊಂದರಲ್ಲಿ ನಡುವೆ ಹತ್ತು ವರ್ಷದ ಕಾಗದವೇ ಇಲ್ಲ. ಬೆಲೆ ಒಂದೇ ಇರುತ್ತದಾ? ಹಳೆಯ ಸ್ಪೋರ್ಟ್ಸ್ ಕಾರಿನ ಹರಾಜಿನಲ್ಲೂ ಜನ ದುಡ್ಡು ಕೊಡುವುದು ಆ ಕಾಗದದ ಸರಪಳಿಗೆ. ಲೋಹ, ಚರ್ಮ, ಪೇಂಟ್ ಎಲ್ಲವನ್ನೂ ಇವತ್ತು ಹೊಸದಾಗಿ ಮಾಡಬಹುದು. 1955ರಲ್ಲಿ ಕಾರ್ಖಾನೆಯಿಂದ ಹೊರಬಿದ್ದ ಕಾರು ಇದೇ ಅನ್ನುವುದನ್ನು ಮಾತ್ರ ಹೊಸದಾಗಿ ಮಾಡಲಾಗದು.

ಮರ್ಸಿಡಿಸ್ ವಿಷಯದಲ್ಲಿ ಇದಕ್ಕೆ ಡೇಟಾ ಕಾರ್ಡ್ ಅನ್ನುತ್ತಾರೆ. ಕಾರು ಕಾರ್ಖಾನೆ ಬಿಟ್ಟಾಗ ಅದರ ಚಾಸಿ ನಂಬರ್, ಎಂಜಿನ್ ನಂಬರ್, ಬಣ್ಣ, ಸೀಟಿನ ಬಟ್ಟೆ, ಯಾವ ದೇಶಕ್ಕೆ ಹೋಯಿತು ಎಲ್ಲ ಅದರಲ್ಲಿ ಇರುತ್ತದೆ. ಆ ನಂಬರುಗಳು ಇವತ್ತು ಕಾರಿನ ಮೇಲಿರುವ ನಂಬರುಗಳಿಗೆ ಸರಿಹೊಂದಬೇಕು. ಮೂಲ ಎಂಜಿನ್ ಹೋಗಿ ಅದೇ ಕಾಲದ, ಅದೇ ಮಾದರಿಯ ಬೇರೆ ಎಂಜಿನ್ ಬಂದಿದ್ದರೂ ಬೆಲೆ ಬೀಳುತ್ತದೆ. ಓಡಿಸಲು ಏನೂ ವ್ಯತ್ಯಾಸ ಇಲ್ಲ. ಬೆಲೆಗೆ ಇದೆ. ಕಾರ್ಡಿನಲ್ಲಿ ಹಸಿರು ಅಂತ ಇದ್ದು ಕಾರು ಈಗ ಬೆಳ್ಳಿ ಬಣ್ಣದಲ್ಲಿದ್ದರೂ ಕೊಳ್ಳುವವರು ಚೌಕಾಸಿ ಮಾಡುತ್ತಾರೆ.

ಗಲ್‌ವಿಂಗ್‌ನಲ್ಲಿ ಇನ್ನೂ ಸಣ್ಣ ಸಣ್ಣ ವಿಷಯಗಳಿವೆ. ಹೊಟ್ಟೆಯ ಕೆಳಗೆ ಗಾಳಿ ಸಲೀಸಾಗಿ ಹರಿಯಲಿ ಅಂತ ಲೋಹದ ತಟ್ಟೆಗಳನ್ನು ಹಾಕಿದ್ದರು. ಎಂಜಿನ್ ಬಿಸಿಯಾಗುತ್ತದೆ, ಆಯಿಲ್ ಬದಲಿಸಲು ತೊಡಕು ಅಂತ ಎಷ್ಟೋ ಮೆಕ್ಯಾನಿಕ್‌ಗಳು ಅವನ್ನು ಬಿಚ್ಚಿ ಎಸೆದರು. ಇವತ್ತು ಮೂಲ ತಟ್ಟೆಗಳು ಇರುವ ಕಾರಿಗೆ ಬೆಲೆ ಜಾಸ್ತಿ. ಸೀಟಿನ ಹಿಂದೆ ಅಳತೆಗೆ ಸರಿಯಾಗಿ ಹೊಲಿಸಿದ ಸೂಟ್‌ಕೇಸ್ ಜೋಡಿ ಇದ್ದರೆ ಜಾಸ್ತಿ. ನಡುವೆ ಒಂದೇ ನಟ್ ಇರುವ ರಡ್ಜ್ ಚಕ್ರಗಳನ್ನು ಕಾರ್ಖಾನೆಯಲ್ಲೇ ಹಾಕಿದ್ದರೆ ಇನ್ನೂ ಜಾಸ್ತಿ. ಇಲ್ಲಿ ಹುಷಾರಾಗಿರಬೇಕು. ಈ ಚಕ್ರಗಳನ್ನು ಎಷ್ಟೋ ಮಂದಿ ಆಮೇಲೆ ಹಾಕಿಸಿದ್ದಾರೆ. ಹುಟ್ಟಿನಿಂದ ಇದ್ದವೋ ಇಲ್ಲವೋ ಅಂತ ಹೇಳುವುದು ಮತ್ತೆ ಅದೇ ಕಾರ್ಡು. ರೋಡ್‌ಸ್ಟರ್‌ಗಳಲ್ಲಿ ಕೊನೆಯ ವರ್ಷಗಳವಕ್ಕೆ ಬೇಡಿಕೆ ಹೆಚ್ಚು. 1961ರಿಂದ ಡಿಸ್ಕ್ ಬ್ರೇಕ್ ಬಂತು, 1962ರಿಂದ ಅಲ್ಯೂಮಿನಿಯಂ ಎಂಜಿನ್ ಬ್ಲಾಕ್.

ಕಾರು ಎಲ್ಲಿ ಓಡಿತ್ತು ಅನ್ನುವುದೂ ಬೆಲೆಯೊಳಗೆ ಸೇರುತ್ತದೆ. 1955ರ ಮಿಲ್ಲೆ ಮಿಲ್ಯಾದಲ್ಲಿ ಜಾನ್ ಫಿಚ್ ಒಂದು 300 ಎಸ್‌ಎಲ್ ಓಡಿಸಿ ಒಟ್ಟಾರೆ ಐದನೆಯವರಾಗಿ ಬಂದರು. ಇವತ್ತಿನ ಸ್ಮರಣೆಯ ಮಿಲ್ಲೆ ಮಿಲ್ಯಾಕ್ಕೆ ಬರಬೇಕಾದರೆ ನಿಮ್ಮ ಕಾರಿನ ಮಾದರಿ 1927ರಿಂದ 1957ರ ನಡುವಿನ ಮೂಲ ರೇಸಿನಲ್ಲಿ ಓಡಿರಬೇಕು. ಈ ಒಂದು ನಿಯಮ ಎಷ್ಟೋ ಮಾಡೆಲ್‌ಗಳ ಬೆಲೆ ಏರಿಸಿದೆ.

ದುಃಖದ ಇತಿಹಾಸವೂ ಬೆಲೆ ಏರಿಸುತ್ತದೆ. ಕೇಳಲು ಬೇಸರ, ಆದರೆ ನಿಜ. ಲ ಮಾನ್ ದುರಂತದಲ್ಲಿ ಮರ್ಸಿಡಿಸ್ ಮೊದಲು ಡಿಕ್ಕಿ ಹೊಡೆದದ್ದು ಲ್ಯಾನ್ಸ್ ಮ್ಯಾಕ್ಲಿನ್ ಓಡಿಸುತ್ತಿದ್ದ ಆಸ್ಟಿನ್ ಹೀಲಿಗೆ. ಆ ಕಾರು ಉಳಿದುಕೊಂಡಿತು. 2011ರ ಡಿಸೆಂಬರ್‌ನಲ್ಲಿ ಬೋನಮ್ಸ್ ಅದನ್ನು ಹರಾಜು ಹಾಕಿದಾಗ ರಿಪೇರಿ ಕಾಣದ, ಧೂಳು ಹಿಡಿದ ಸ್ಥಿತಿಯಲ್ಲೇ 8.43 ಲಕ್ಷ ಪೌಂಡ್ ಬಂತು.

ಇದರಿಂದ ಇನ್ನೊಂದು ವಿಷಯ ಕಾಣುತ್ತದೆ. ರಿಪೇರಿ ಮಾಡಿಸಿ ಫಳಫಳ ಹೊಳೆಸಿದರೆ ಬೆಲೆ ಏರುತ್ತದೆ ಅಂತ ಮೊದಲು ನಂಬಿದ್ದರು. ಈಗ ಕೈ ಹಚ್ಚದ ಕಾರಿಗೆ ಬೇಡಿಕೆ. 2015ರ ಫೆಬ್ರವರಿಯಲ್ಲಿ ಪ್ಯಾರಿಸ್‌ನ ರೆಟ್ರೊಮೊಬೀಲ್ ಮೇಳದಲ್ಲಿ ಆರ್ಟ್‌ಕ್ಯೂರಿಯಲ್ ಸಂಸ್ಥೆ ಬಯ್ಯೋಂ ಸಂಗ್ರಹವನ್ನು ಮಾರಿತು. ಫ್ರಾನ್ಸಿನ ಒಂದು ಜಮೀನಿನಲ್ಲಿ ದಶಕಗಳ ಕಾಲ ಶೆಡ್ಡುಗಳಲ್ಲಿ ಕೊಳೆಯುತ್ತಿದ್ದ ಕಾರುಗಳು ಅವು. ಹಳೆಯ ಮ್ಯಾಗಜಿನ್ ರಾಶಿಯ ಅಡಿ ಒಂದು ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ ಸ್ಪೈಡರ್ ಸಿಕ್ಕಿತ್ತು. ಒಂದು ಕಾಲದಲ್ಲಿ ನಟ ಅಲೇನ್ ಡೆಲೋನ್ ಬಳಿ ಇದ್ದ ಕಾರು. ಅದಕ್ಕೆ ಸಿಕ್ಕಿದ್ದು ಸುಮಾರು 1.63 ಕೋಟಿ ಯೂರೋ. ಧೂಳು ಸಮೇತ! ಯಾಕೆ ಅಂದರೆ ಮೂಲ ಸ್ಥಿತಿಯ ಕಾರನ್ನು ಒಮ್ಮೆ ಬಿಚ್ಚಿ ಟಿಂಕರಿಂಗ್, ಪೇಂಟಿಂಗ್ ಮಾಡಿಸಿದರೆ ಮತ್ತೆ ಮೂಲಕ್ಕೆ ಹೋಗುವ ದಾರಿ ಇಲ್ಲ. ನನಗೂ ಕೈ ಹಚ್ಚದ ಕಾರೇ ಇಷ್ಟ. ಒಬ್ಬ ಕೆಲಸಗಾರ ಅರವತ್ತೈದು ವರ್ಷದ ಹಿಂದೆ ಹಾಕಿದ ಹೊಲಿಗೆ ಅದರಲ್ಲಿ ಹಾಗೇ ಇರುತ್ತದೆ. ಪಾಲಿಷ್ ಮಾಡಿದ ಕಾರು ಅದನ್ನು ತೋರಿಸಲಾರದು.

ಕಾಗದದ ಸರಪಳಿ ಕಡಿದರೆ ಏನಾಗುತ್ತದೆ ಅನ್ನುವುದಕ್ಕೂ ದೊಡ್ಡ ಉದಾಹರಣೆ ಇದೆ. 2014ರಲ್ಲಿ ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ಒಂದು ಫೆರಾರಿ 375 ಪ್ಲಸ್ 1.07 ಕೋಟಿ ಪೌಂಡ್‌ಗೆ ಹೋಯಿತು. 1980ರ ದಶಕದಲ್ಲಿ ಅಮೆರಿಕದ ಒಹಾಯೋದಿಂದ ಕಳುವಾಗಿ ಯುರೋಪ್ ಸೇರಿದ್ದ ಕಾರು ಅದು. ಮಾಲೀಕತ್ವದ ಜಗಳ ಬಗೆಹರಿದಿದೆ ಅಂತ ನಂಬಿ ಮಾರಿದರು. ಮಾರಿದ ಮೇಲೆ ಮತ್ತೆ ಕೋರ್ಟು ಕಚೇರಿ ಶುರುವಾಯಿತು. ಕೋಟಿಗಟ್ಟಲೆ ಕೊಟ್ಟವರಿಗೇ ಹೀಗಾದರೆ ನೀವು ಎಷ್ಟು ಎಚ್ಚರ ಇರಬೇಕು ಯೋಚಿಸಿ.

ಇನ್ನು ಪತ್ರಿಕೆಯಲ್ಲಿ ಬರುವ ಬೆಲೆಯನ್ನು ನಂಬಬಹುದಾ ಅಂದರೆ, ನಂಬಬಹುದು, ಆದರೆ ಅದು ಯಾರ ಬೆಲೆ ಅಂತ ತಿಳಿದುಕೊಂಡು ನಂಬಬೇಕು.

ಸುತ್ತಿಗೆ ಬಿದ್ದಾಗಿನ ಬೆಲೆ ಒಂದು. ಅದರ ಮೇಲೆ ಕೊಳ್ಳುವವನು ಹರಾಜು ಸಂಸ್ಥೆಗೆ ಕೊಡುವ ಪ್ರೀಮಿಯಂ ಇನ್ನೊಂದು. ಸುದ್ದಿಯಲ್ಲಿ ಬರುವುದು ಎರಡೂ ಸೇರಿದ ಮೊತ್ತ. ಆ ಅರಿಜೋನಾ ಗಲ್‌ವಿಂಗನ್ನೇ ತೆಗೆದುಕೊಳ್ಳಿ. ಸುತ್ತಿಗೆ ಬಿದ್ದದ್ದು 62 ಲಕ್ಷ ಡಾಲರ್‌ಗೆ. ಅದನ್ನು ಮಾರಿದ ಆರ್‌ಎಂ ಸೋಥಬೀಸ್‌ನ ದರ ಅಮೆರಿಕದಲ್ಲಿ ಆಗ ಮೊದಲ 2.5 ಲಕ್ಷಕ್ಕೆ ಶೇಕಡಾ 12, ಉಳಿದದ್ದಕ್ಕೆ ಶೇಕಡಾ 10 ಇತ್ತು. ಅಂದರೆ 30 ಸಾವಿರ, ಜೊತೆಗೆ 5.95 ಲಕ್ಷ. ಒಟ್ಟು 6.25 ಲಕ್ಷ ಡಾಲರ್ ಪ್ರೀಮಿಯಂ. ಸೇರಿಸಿದರೆ 68.25 ಲಕ್ಷ. ಮಾರುವವನ ಕೈಗೆ ಈ 6.25 ಲಕ್ಷ ಬರುವುದೇ ಇಲ್ಲ. ಅವನ ಪಾಲಿನ 62 ಲಕ್ಷದಿಂದಲೂ ಕಮಿಷನ್, ಸಾಗಾಟ, ಕ್ಯಾಟಲಾಗ್ ಫೋಟೋ ಅಂತ ಒಪ್ಪಂದದ ಪ್ರಕಾರ ಕಡಿತ ಆಗಬಹುದು. ಫೆರಾರಿ 250 ಜಿಟಿಒ ಒಂದು 2018ರ ಆಗಸ್ಟ್‌ನಲ್ಲಿ ಅಮೆರಿಕದ ಮಾಂಟೆರೇಯಲ್ಲಿ 4.84 ಕೋಟಿ ಡಾಲರ್‌ಗೆ ಹೋಯಿತು ಅಂತ ಓದಿರುತ್ತೀರಿ. ಅಲ್ಲೂ ಸುತ್ತಿಗೆ ಬಿದ್ದದ್ದು 4.4 ಕೋಟಿಗೆ. 40 ಲಕ್ಷಕ್ಕೂ ಜಾಸ್ತಿ ನಡುವೆಯೇ ಹೋಯಿತು.

ಹಾಗಾಗಿ ಪಕ್ಕದ ಮನೆಯವರ ಕಾರು ಇಷ್ಟಕ್ಕೆ ಹೋಯಿತು, ನನ್ನದಕ್ಕೂ ಅಷ್ಟು ಸಿಗುತ್ತದೆ ಅನ್ನುವ ಲೆಕ್ಕ ಹಾಕಬೇಡಿ. ಕೊಳ್ಳುವ ಬೆಲೆ ಮತ್ತು ಮಾರಿದರೆ ಕೈಗೆ ಬರುವ ಬೆಲೆ ನಡುವೆ ಶೇಕಡಾ 15ರಿಂದ 20ರಷ್ಟು ಅಂತರ ಇದೆ ಅಂತ ಇಟ್ಟುಕೊಳ್ಳಿ. ಅಷ್ಟು ಏರಿದ ಮೇಲಷ್ಟೇ ನಿಮ್ಮ ಲಾಭ ಶುರು.

ಇನ್ನು ರಿಸರ್ವ್. ಇದಕ್ಕಿಂತ ಕಡಿಮೆಗೆ ಕೊಡಬೇಡಿ ಅಂತ ಮಾರುವವನು ಗುಟ್ಟಾಗಿ ಹೇಳಿರುವ ಬೆಲೆ. ಅಲ್ಲಿ ಮುಟ್ಟುವವರೆಗೆ ಹರಾಜುದಾರನೇ ಮಾರುವವನ ಪರವಾಗಿ ಬಿಡ್ ಕೂಗಬಹುದು. ಕ್ಯಾಟಲಾಗಿನ ಷರತ್ತುಗಳಲ್ಲಿ ಇದನ್ನು ಬರೆದಿರುತ್ತಾರೆ, ಓದುವವರು ಕಡಿಮೆ. ಕೋಣೆಯಲ್ಲಿ ಕೈ ಎತ್ತಿದವರು ನೀವೊಬ್ಬರೇ ಆಗಿದ್ದರೂ ಬೆಲೆ ಏರುತ್ತಾ ಇರಬಹುದು. ರಿಸರ್ವ್ ಮುಟ್ಟದಿದ್ದರೆ ಕಾರು ಮಾರಾಟವಾಗುವುದಿಲ್ಲ.

2019ರ ಆಗಸ್ಟ್‌ನಲ್ಲಿ ಮಾಂಟೆರೇಯಲ್ಲಿ ನಡೆದದ್ದನ್ನು ಈ ವಿಷಯದಲ್ಲಿ ನೆನಪಿಡಬೇಕು. 1939ರ ಟೈಪ್ 64, ಫರ್ಡಿನಂಡ್ ಪೋರ್ಷೆಯವರ ಹೆಸರಿಗೆ ಅಂಟಿಕೊಂಡ ಬಹಳ ಹಳೆಯ ಸ್ಪೋರ್ಟ್ಸ್ ಕಾರು, ಹರಾಜಿಗೆ ಬಂತು. 2 ಕೋಟಿ ಡಾಲರ್ ಆಗುತ್ತದೆ ಅನ್ನುವ ನಿರೀಕ್ಷೆ ಇತ್ತು. ಹರಾಜುದಾರ 1.3 ಕೋಟಿಯಿಂದ ಕೂಗಲು ಶುರು ಮಾಡಿದರು. ಇಂಗ್ಲಿಷಿನಲ್ಲಿ ಥರ್ಟೀನ್ ಅಂದದ್ದು ಥರ್ಟಿ ಅಂತ ಕೇಳಿಸಿತು. ಪರದೆಯ ಮೇಲೆ 3 ಕೋಟಿ ಅಂತ ಬಂತು. ಆಮೇಲೆ 4, 5, 6, 7 ಕೋಟಿ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಗ ಹರಾಜುದಾರ ತಡೆದು, ಅದು 7 ಕೋಟಿ ಅಲ್ಲ, 1.7 ಕೋಟಿ ಅಂದರು. ಸಭೆಯಲ್ಲಿ ಕೂಗಾಟವಾಯಿತು. ಆ 1.7 ಕೋಟಿ ರಿಸರ್ವ್‌ಗೆ ಸಾಲದೆ ಕಾರು ಮಾರಾಟವಾಗದೇ ಉಳಿಯಿತು. ಅಂದರೆ ಆ ಸಂಜೆ ಆ ಕಾರಿಗೆ ಬೆಲೆಯೇ ನಿಗದಿ ಆಗಲಿಲ್ಲ. ಮಾರಾಟವಾಗದ ಕಾರುಗಳು ಸರಾಸರಿ ಲೆಕ್ಕಗಳಿಂದ ಜಾರಿಹೋಗುತ್ತವೆ. ನೀವು ಫಲಿತಾಂಶದ ಪಟ್ಟಿ ನೋಡುವಾಗ ಮಾರಾಟವಾದವನ್ನು ನೋಡುವಷ್ಟೇ ಗಮನದಿಂದ ಮಾರಾಟವಾಗದವನ್ನೂ ನೋಡಿ. ಮಾರುಕಟ್ಟೆ ತಣ್ಣಗಾಗುತ್ತಿರುವುದು ಮೊದಲು ಅಲ್ಲಿ ಕಾಣುತ್ತದೆ.

ದುಡ್ಡು ಬೆಳೆಯುತ್ತದಾ ಅನ್ನುವ ಪ್ರಶ್ನೆಗೆ ಸುಮ್ನೆ ಹೌದು ಅನ್ನುವವರನ್ನು ದೂರ ಇಡಿ.

250 ಜಿಟಿಒ ಕಥೆಯನ್ನೇ ಪೂರ್ತಿ ನೋಡೋಣ. 1962ರಲ್ಲಿ ಅಮೆರಿಕದಲ್ಲಿ ಹೊಸದಕ್ಕೆ 18,000 ಡಾಲರ್. ಒಟ್ಟು 36 ಕಾರು. ಹಳೆಯದಾದ ಮೇಲೆ ಅದೂ ಒಂದು ಹಳೆಯ ರೇಸ್ ಗಾಡಿಯೇ ಆಗಿತ್ತು, ಚಿಲ್ಲರೆ ದುಡ್ಡಿಗೆ ಕೈ ಬದಲಾಯಿತು. 1988ರಲ್ಲಿ ಎಂಜೋ ಫೆರಾರಿ ತೀರಿಕೊಂಡರು. ಜಪಾನಿನಲ್ಲಿ ಹಣ ಹರಿಯುತ್ತಿದ್ದ ಕಾಲ. 1989ರಲ್ಲಿ ಒಂದು ಜಿಟಿಒ 1.3 ಕೋಟಿ ಡಾಲರ್ ದಾಟಿತು. ಆಮೇಲೆ ಗುಳ್ಳೆ ಒಡೆಯಿತು. 90ರ ದಶಕದ ಮಧ್ಯದ ಹೊತ್ತಿಗೆ ಅದೇ ಮಾದರಿ ಅದರ ಕಾಲು ಭಾಗದ ಆಸುಪಾಸಿಗೆ ಬಿತ್ತು. ತುದಿಯಲ್ಲಿ ಕೊಂಡವರು ಅಸಲು ಕಾಣಲು ವರ್ಷಗಟ್ಟಲೆ ಕಾಯಬೇಕಿತ್ತು. 2014ರಲ್ಲಿ 3.8 ಕೋಟಿ, 2018ರಲ್ಲಿ 4.84 ಕೋಟಿ, 2023ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ 5.17 ಕೋಟಿ. ಈ ಕೊನೆಯ ಎರಡು ಸಂಖ್ಯೆ ಗಮನಿಸಿ. ಬೇರೆ ಬೇರೆ ಕಾರುಗಳು ನಿಜ, ಆದರೂ ಐದು ವರ್ಷದಲ್ಲಿ ಏರಿದ್ದು ಶೇಕಡಾ 7ರಷ್ಟು. ಬ್ಯಾಂಕಿನಲ್ಲಿ ಇಟ್ಟಿದ್ದರೂ ಕಡಿಮೆ ತಲೆನೋವು.

ಜಗತ್ತಿನ ಅತಿ ಬೇಡಿಕೆಯ ಕಾರಿನ ಕಥೆಯೇ ಇದು. ಕೆಳಗಿನ ಹಂತದಲ್ಲಿ ಪರಿಸ್ಥಿತಿ ಇನ್ನೂ ಬಿಗಿ. 1961ರಲ್ಲಿ ಜಿನೀವಾದಲ್ಲಿ ಜಗತ್ತನ್ನೇ ಬೆರಗುಗೊಳಿಸಿದ ಜಾಗ್ವಾರ್ ಇ-ಟೈಪ್ ಬೆಲೆ 2015ರ ಆಸುಪಾಸಿನ ಎತ್ತರದಿಂದ ಕೆಳಗಿಳಿದಿದೆ. ಬಾನೆಟ್ ಕೊಂಡಿ ಹೊರಗಿರುವ, ನೆಲ ಸಪಾಟಾಗಿರುವ ಮೊದಲ ವರ್ಷದ ಕಾರುಗಳು ಇನ್ನೂ ಬೆಲೆ ಹಿಡಿದುಕೊಂಡಿವೆ, ಉಳಿದವು ಅಷ್ಟಿಲ್ಲ. ಕಾರಣ ದೊಡ್ಡ ರಹಸ್ಯವೇನಲ್ಲ. ಮನುಷ್ಯ ಹುಡುಗನಾಗಿದ್ದಾಗ ಗೋಡೆಗೆ ಅಂಟಿಸಿಕೊಂಡ ಚಿತ್ರದ ಕಾರನ್ನು ಐವತ್ತು ದಾಟಿ ಕೈಯಲ್ಲಿ ಕಾಸು ಬಂದಾಗ ಕೊಳ್ಳುತ್ತಾನೆ. 1950ರ ದಶಕದ ಕಾರಿನ ಹುಡುಗರಿಗೆ ಈಗ ಎಂಬತ್ತರ ವಯಸ್ಸು, ಅವರು ಮಾರುತ್ತಿದ್ದಾರೆ. ಈಗ ಕೊಳ್ಳುವವರ ಗೋಡೆಯ ಮೇಲೆ ಇದ್ದದ್ದು ಬೇರೆ ಕಾರು. 1990ರ ದಶಕದ ಒಂದು ಮೆಕ್‌ಲಾರೆನ್ ಎಫ್1 2021ರಲ್ಲಿ ಪೆಬಲ್ ಬೀಚ್‌ನಲ್ಲಿ 2 ಕೋಟಿ ಡಾಲರ್ ದಾಟಿದ್ದು ಅದಕ್ಕೇ.

ಈಗ 190 ಎಸ್‌ಎಲ್. ಇದರ ಬಗ್ಗೆ ನೇರವಾಗಿ ಹೇಳಬೇಕು. ನೋಡಲು ಅಣ್ಣ 300 ಎಸ್‌ಎಲ್‌ನ ಹಾಗೇ ಇದೆ, ಒಳಗೆ ಬೇರೆ. ನಾಲ್ಕು ಸಿಲಿಂಡರ್, 1.9 ಲೀಟರ್, ಸಾಮಾನ್ಯ ಸೆಡಾನ್ ಕಾರಿನ ಚಾಸಿಯನ್ನು ಗಿಡ್ಡ ಮಾಡಿ ಕಟ್ಟಿದ್ದು. 1955ರಿಂದ 1963ರವರೆಗೆ 25,881 ಕಾರು ಬಂದವು. ಅಂದರೆ ಅಪರೂಪ ಅಲ್ಲ. 2010ರ ನಂತರ 300 ಎಸ್‌ಎಲ್ ಕೈಗೆ ಸಿಗದ ಬೆಲೆಗೆ ಹೋದಾಗ ಜನ ಇದಕ್ಕೆ ಬಿದ್ದರು, ಬೆಲೆ ಏರಿತು. 2015ರ ಹೊತ್ತಿಗೆ ತುದಿ ಮುಟ್ಟಿ ಇಳಿಯಿತು. ಈಗ ಕೊಳ್ಳುವವರಿಗೆ ಇದು ಒಳ್ಳೆಯ ಸಮಯವೇ. ಆದರೆ ಲಾಭಕ್ಕೆ ಕೊಳ್ಳುವ ಕಾರು ಇದಲ್ಲ. ಭಾನುವಾರ ಬೆಳಿಗ್ಗೆ ಛಾವಣಿ ಮಡಚಿ ಶ್ವಾರ್ಟ್ಸ್‌ವಾಲ್ಡ್ ಕಾಡಿನ ಕಡೆ ಹೊರಡುವುದಕ್ಕೆ ಕೊಳ್ಳಬೇಕು. ಅದು ನಿಮಗೆ ಸಾಕು ಅನ್ನಿಸಿದರೆ ಖಂಡಿತ ಮುಂದುವರಿಯಿರಿ.

ಕೊಳ್ಳುವಾಗ ಮುಖ್ಯ ಶತ್ರು ತುಕ್ಕು. ಬಾಗಿಲ ಕೆಳಗಿನ ಅಂಚು, ನೆಲದ ತಗಡು, ಹೆಡ್‌ಲೈಟ್ ಸುತ್ತ, ಸ್ಪೇರ್ ಟೈರ್ ಗುಂಡಿ ಎಲ್ಲ ಕಡೆ ನೋಡಬೇಕು. ಮೇಲಿನ ಪೇಂಟ್ ನೋಡಿ ಮರುಳಾಗಬೇಡಿ, ಲಿಫ್ಟ್ ಮೇಲೆ ಏರಿಸಿ ಕೆಳಗಿನಿಂದ ನೋಡಿ. ಇದರಲ್ಲಿ ಕಾರ್ಖಾನೆಯಿಂದ ಬಂದ ಎರಡು ಸೋಲೆಕ್ಸ್ ಕಾರ್ಬುರೇಟರ್‌ಗಳು ತಕರಾರಿನವು. ಬೇಸತ್ತ ಮಾಲೀಕರು ಅವನ್ನು ಕಿತ್ತು ವೆಬರ್ ಹಾಕಿಸಿದರು. ವೆಬರ್ ಇದ್ದರೆ ಕಾರು ಚೆನ್ನಾಗಿ ಓಡುತ್ತದೆ. ಆದರೆ ಮೂಲ ಸೋಲೆಕ್ಸ್ ಡಬ್ಬದಲ್ಲಿ ಹಾಕಿ ಇಟ್ಟಿದ್ದಾರಾ ಅಂತ ತಪ್ಪದೆ ಕೇಳಿ. ಅವು ಸಿಕ್ಕರೆ ಕಾರಿನ ಜೊತೆಗೇ ತೆಗೆದುಕೊಳ್ಳಿ. ಮತ್ತೆ, ಅರ್ಧ ಬಿಚ್ಚಿಟ್ಟ ಕಾರು ಅಗ್ಗಕ್ಕೆ ಸಿಗುತ್ತದೆ ಅಂತ ಹೋಗಬೇಡಿ. 300 ಎಸ್‌ಎಲ್ ಆದರೆ ಲಕ್ಷಗಟ್ಟಲೆ ಖರ್ಚು ಮಾಡಿ ರಿಪೇರಿ ಮಾಡಿಸಿದರೂ ಅದರ ಬೆಲೆ ಆ ಖರ್ಚನ್ನು ತಾಳಿಕೊಳ್ಳುತ್ತದೆ. 190 ಎಸ್‌ಎಲ್ ಬಿಚ್ಚುವ, ಬೆಸೆಯುವ ಕೆಲಸಕ್ಕೂ ಕೂಲಿ ಗಂಟೆಗೆ ಅಷ್ಟೇ, ಕ್ರೋಮ್ ಲೇಪನವೂ ಅಷ್ಟೇ ದುಬಾರಿ. ಕಾರಿನ ಬೆಲೆ ಮಾತ್ರ ಹತ್ತನೇ ಒಂದು ಭಾಗದಷ್ಟೂ ಇಲ್ಲ. ಬೇರೆ ಯಾರೋ ಖರ್ಚು ಮಾಡಿ ಮುಗಿಸಿದ, ಬಿಲ್ಲುಗಳನ್ನು ಫೈಲ್ ಮಾಡಿಟ್ಟಿರುವ ಕಾರನ್ನು ಕೊಂಡರೆ ಅವರ ನಷ್ಟದಲ್ಲಿ ನಿಮಗೆ ಅನುಕೂಲ.

ಬೆಲೆ ತೂಗಲು ಹ್ಯಾಗರ್ಟಿಯಂಥ ಬೆಲೆಪಟ್ಟಿಗಳಿವೆ. ಅವು ಕಾರಿನ ಸ್ಥಿತಿಗೆ 1ರಿಂದ 4ರವರೆಗೆ ಅಂಕ ಕೊಡುತ್ತವೆ, 1 ಅಂದರೆ ಎಲ್ಲಕ್ಕಿಂತ ಉತ್ತಮ. ಮಾರುವವರೆಲ್ಲ ತಮ್ಮದು 2 ಅನ್ನುತ್ತಾರೆ, ಹೆಚ್ಚಿನವು 3 ಇರುತ್ತವೆ. ನಿಮ್ಮ ಜರ್ಮನಿಯಲ್ಲಿ ಸ್ವತಂತ್ರ ತಜ್ಞರು ಬರೆದುಕೊಡುವ ಮೌಲ್ಯಮಾಪನ ವರದಿ ಸಿಗುತ್ತದೆ. ಮಾರುವವನು ಮಾಡಿಸಿದ ವರದಿ ಸಾಲದು, ನೀವೇ ಒಬ್ಬರನ್ನು ಕರೆದುಕೊಂಡು ಹೋಗಿ. ಹರಾಜಿಗೆ ಮೊದಲಿನ ವೀಕ್ಷಣೆಯ ದಿನಗಳಲ್ಲಿ ಕಾರು ಸ್ಟಾರ್ಟ್ ಮಾಡಿ ತೋರಿಸಿ ಅಂತ ಕೇಳಬಹುದು. ಓಡಿಸಿ ನೋಡಲು ಸಾಮಾನ್ಯವಾಗಿ ಬಿಡುವುದಿಲ್ಲ. ಅದಕ್ಕೇ ಮೊದಲ ಹಳೆಯ ಕಾರನ್ನು ಹರಾಜಿನಲ್ಲಿ ಕೊಳ್ಳುವುದಕ್ಕಿಂತ ಆ ಮಾದರಿಯ ಕ್ಲಬ್ಬಿನ ಸದಸ್ಯರಿಂದ ಕೊಳ್ಳುವುದು ಮೇಲು ಅಂತ ನನ್ನ ಅಭಿಪ್ರಾಯ. ಆ ಕಾರಿನ ಹಳೆಯ ಕಥೆಗಳು ಅಲ್ಲಿ ಎಲ್ಲರಿಗೂ ಗೊತ್ತಿರುತ್ತವೆ.

190 ಎಸ್‌ಎಲ್ ಕೂಡ ತುಂಬಾ ಅಮೆರಿಕಕ್ಕೆ ಹೋಗಿದ್ದ ಕಾರು. ಅಲ್ಲಿಂದ ತರಿಸುವ ಯೋಚನೆ ಇದ್ದರೆ, 30 ವರ್ಷ ದಾಟಿದ, ಮೂಲ ರೂಪದಲ್ಲಿರುವ, ಐತಿಹಾಸಿಕ ವಾಹನ ಅಂತ ಒಪ್ಪಿಕೊಂಡ ಕಾರಿಗೆ ಜರ್ಮನಿಯಲ್ಲಿ ಆಮದು ತೆರಿಗೆ ಶೇಕಡಾ 19ರ ಬದಲು 7. ನೋಂದಣಿ ನಂಬರಿನ ಕೊನೆಗೆ ಎಚ್ ಅಕ್ಷರ ಇರುವ ಫಲಕ ಸಿಕ್ಕರೆ ವಾರ್ಷಿಕ ತೆರಿಗೆ ಒಂದೇ ದರ, 191.73 ಯೂರೋ. ವಿಮೆಯೂ ಸಾಮಾನ್ಯ ಕಾರಿಗಿಂತ ಅಗ್ಗವಾಗಬಹುದು, ಆದರೆ ಮನೆಯಲ್ಲಿ ಮುಚ್ಚಿದ ಗ್ಯಾರೇಜು ಇರಬೇಕು ಅನ್ನುವಂಥ ಷರತ್ತುಗಳಿರುತ್ತವೆ.

ಊರಿಗೆ ತರುವ ವಿಷಯ. ಬಹಳ ವರ್ಷ ಭಾರತದಲ್ಲಿ 1950ಕ್ಕಿಂತ ಮೊದಲು ತಯಾರಾದ ಗಾಡಿಗಳನ್ನು ಮಾತ್ರ ಲೈಸೆನ್ಸ್ ಇಲ್ಲದೆ ತರಬಹುದಿತ್ತು. ಆ ಲೆಕ್ಕದಲ್ಲಿ ಎಸ್‌ಎಲ್ ಹೊರಗೇ ಉಳಿಯುತ್ತಿತ್ತು. ಈಚೆಗೆ 50 ವರ್ಷ ದಾಟಿದವಕ್ಕೂ ದಾರಿ ತೆರೆದಿದೆ. ಆದರೆ ಸುಂಕ, ತೆರಿಗೆ ಸೇರಿದರೆ ಕಾರಿನ ಬೆಲೆಗಿಂತ ಜಾಸ್ತಿಯೇ ಆಗುತ್ತದೆ. ಹಡಗಿಗೆ ಹತ್ತಿಸುವ ಮೊದಲು ಕಸ್ಟಮ್ಸ್ ಏಜೆಂಟರಿಂದ ಆ ದಿನದ ದರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಇಲ್ಲಿ ನೋಂದಣಿಗೆ 2021ರಲ್ಲಿ ಕೇಂದ್ರ ಸರ್ಕಾರ ಬೇರೆ ನಿಯಮವನ್ನೇ ತಂದಿತು. 50 ವರ್ಷ ದಾಟಿ ಮೂಲ ರೂಪದಲ್ಲಿರುವ ಗಾಡಿಗೆ ರಾಜ್ಯದ ಅಕ್ಷರಗಳ ಜೊತೆ ವಿಎ ಸರಣಿಯ ನಂಬರು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ ಊರ್ಜಿತ, ಮರು ನೋಂದಣಿಗೆ 5,000. ದಿನನಿತ್ಯದ ಓಡಾಟಕ್ಕೆ ಈ ನೋಂದಣಿಯಲ್ಲಿ ಅವಕಾಶ ಇಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ಹಾಸನದಿಂದ ಸಕಲೇಶಪುರ ಘಾಟಿಗೆ ಮನಸ್ಸು ಬಂದಾಗ ಹೋಗುವ ಆಸೆ ಇದ್ದರೆ, ಕಾರನ್ನು ಜರ್ಮನಿಯಲ್ಲೇ ಇಟ್ಟುಕೊಂಡು ಅಲ್ಲಿರುವಷ್ಟು ವರ್ಷ ಚೆನ್ನಾಗಿ ಓಡಿಸಿ, ವಾಪಸ್ ಬರುವಾಗ ಅಲ್ಲೇ ಮಾರಿ. ಅದನ್ನು ಕೊಳ್ಳುವ ಜನ ಇರುವುದು ಅಲ್ಲೇ. ಡೇಟಾ ಕಾರ್ಡು, ಬಿಲ್ಲು, ಬಿಚ್ಚಿಟ್ಟ ಸೋಲೆಕ್ಸ್ ಎಲ್ಲವನ್ನೂ ಮುಂದಿನವರ ಕೈಗೆ ಕೊಡಿ.